ಮನಸ್ಸು ಭಾರವಾಗಿದ್ದರೆ ಪೈಪ್ ಬಿಟ್ಟು ಚೊಂಬು ಹಿಡಿಯಿರಿ
ಯುಗಾದಿ ಆಸುಪಾಸಿನ ದಿನಗಳಲ್ಲಿ ಬೆಳಿಗ್ಗೆ ಗಿಡಗಳಿಗೆ ಚೊಂಬಿನಲ್ಲಿ ನೀರು ಹಾಕಿ ನೋಡಿ. ಒಂದೊಂದು ಗಿಡದ ಪಕ್ಕ ಕೂತು, ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಒಣಗಿದ್ದರೆ ಮಾತ್ರ ನೀರು, ಅದೂ ನಿಧಾನವಾಗಿ. ನಮ್ಮ ಕೋಲಾರದ ಕೆಂಪು ಮಣ್ಣು ಒಣಗಿದರೆ ಮೇಲೆ ಗಟ್ಟಿಯಾಗುತ್ತದೆ. ರಭಸವಾಗಿ ಬಿಟ್ಟ ನೀರು ಬೇರಿಗೆ ಇಳಿಯದೆ ಹರಿದು ಹೋಗುತ್ತದೆ. ಮನಸ್ಸಿಗೂ ಇದು ಒಳ್ಳೆಯದು. ಕೈ ಮಣ್ಣಾಗಿದ್ದಾಗ ಫೋನ್ ಮುಟ್ಟೋಕಾಗಲ್ಲ, ಅಲ್ವಾ? ಮಲ್ಲಿಗೆಯ ಎಲೆ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು ಕಂಡರೆ ಎದೆ ಹಗುರಾಗುತ್ತದೆ. ಬಿಸಿಲೇರಿದ ಮೇಲೆ ಗಡಿಬಿಡಿಯಲ್ಲಿ ಮಾಡಿದರೆ ಸುಮ್ನೆ ಸೊಂಟ ನೋವು, ಅಷ್ಟೇ. ಕುಂಡ ಜಾಸ್ತಿ ಇದ್ದರೆ ದಿನಕ್ಕೆ 5 ಕುಂಡಕ್ಕೆ ಮಾತ್ರ ಹೀಗೆ ಹಾಕಿ, ಉಳಿದವಕ್ಕೆ ಪೈಪೇ ಇರಲಿ. ದುಃಖ ತೀರಾ ದೊಡ್ಡದಿದ್ದರೆ ಗಿಡವೊಂದೇ ಸಾಲದು, ಹತ್ತಿರದವರ ಜೊತೆ ಮಾತಾಡಿ.