ಅಮೆರಿಕದ ಫಾರ್ಮ್‌ಡಿ ಸೀಟು: ಅಭ್ಯರ್ಥಿಯಲ್ಲಿ ಕಾಲೇಜು ಹುಡುಕುವುದೇನು?

ಅಮೆರಿಕದಲ್ಲಿ ಓದಿ ಫಾರ್ಮಸಿಸ್ಟ್ ಆಗಬೇಕಾದರೆ ಫಾರ್ಮ್‌ಡಿ (ಡಾಕ್ಟರ್ ಆಫ್ ಫಾರ್ಮಸಿ) ಪದವಿ ಬೇಕು. ನಮ್ಮ ಸಿಇಟಿಯಂತೆ ಪರೀಕ್ಷೆ, ರ‍್ಯಾಂಕ್, ಸೀಟು ಹಂಚಿಕೆ ಎಂಬ ಕ್ರಮ ಅಲ್ಲಿಲ್ಲ. ಪಿಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯೊಂದಿತ್ತು. 2024ರ ಜನವರಿಯಲ್ಲಿ ಕೊನೆಯ ಬಾರಿ ನಡೆದು ನಿಂತುಹೋಯಿತು. ಈಗ ಕಾಲೇಜಿನ ಪ್ರವೇಶ ಸಮಿತಿ ಮುಖ್ಯವಾಗಿ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ: ಈ ಅಭ್ಯರ್ಥಿ ಕಠಿಣ ಪಠ್ಯವನ್ನು ತಾಳಿಕೊಳ್ಳಬಲ್ಲರೇ? ರೋಗಿಯ ಎದುರು ನಿಂತು ಮಾತನಾಡಬಲ್ಲರೇ? ಅರ್ಜಿಯ ಪ್ರತಿ ಭಾಗವೂ ಇವೆರಡಕ್ಕೆ ಪುರಾವೆಯಾಗಬೇಕು.

ಇಲ್ಲಿ ಬಿ.ಫಾರ್ಮ್ ಮುಗಿಸಿದವರು ಮೊದಲು ಒಂದು ವಿಷಯ ತಿಳಿದಿರಬೇಕು. ವಿದೇಶಿ ಪದವೀಧರರು ನೇರವಾಗಿ ಲೈಸೆನ್ಸ್‌ನತ್ತ ಸಾಗಲು ಎಫ್‌ಪಿಜಿಇಇ ಎಂಬ ಪರೀಕ್ಷೆಯ ದಾರಿ ಇದೆ. ಆದರೆ 2003ರ ಜನವರಿ 1ರಿಂದ ಈಚೆಗೆ ಪದವಿ ಪಡೆದವರು ಕನಿಷ್ಠ 5 ವರ್ಷದ ಫಾರ್ಮಸಿ ಕೋರ್ಸ್ ಓದಿರಬೇಕು. ನಮ್ಮ ಬಿ.ಫಾರ್ಮ್ 4 ವರ್ಷದ್ದು. ಭಾರತದ ಫಾರ್ಮ್.ಡಿ 6 ವರ್ಷದ್ದಾದ್ದರಿಂದ ಅವಧಿಯ ತೊಡಕು ಅದಕ್ಕಿಲ್ಲ. ಈ ಒಂದು ನಿಯಮ ಗೊತ್ತಿಲ್ಲದೆ ಹೊರಟರೆ ಕುಟುಂಬದ ಉಳಿತಾಯವೆಲ್ಲ ಕರಗಬಹುದು. ಹಾಗಾಗಿ ಬಿ.ಫಾರ್ಮ್ ಓದಿದವರಲ್ಲಿ ಹಲವರಿಗೆ ಅಲ್ಲಿನ ಫಾರ್ಮ್‌ಡಿಗೇ ಸೇರುವುದು ಉಳಿಯುವ ದಾರಿ.

ಮೊದಲ ಹೆಜ್ಜೆ: ಪೂರ್ವಾರ್ಹತೆಯ ವಿಷಯಗಳು

ಫಾರ್ಮ್‌ಡಿ ಸಾಮಾನ್ಯವಾಗಿ 4 ವರ್ಷದ ಕೋರ್ಸ್. 3 ವರ್ಷದಲ್ಲೇ ಮುಗಿಸುವ ಕಾಲೇಜುಗಳೂ ಕೆಲವಿವೆ. ಅದಕ್ಕೂ ಮುನ್ನ ಕನಿಷ್ಠ 2 ವರ್ಷದ ಕಾಲೇಜು ಓದು ಮುಗಿದಿರಬೇಕು. ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಜೀವಶಾಸ್ತ್ರ, ಅಂಗರಚನೆ, ಸಂಖ್ಯಾಶಾಸ್ತ್ರ ಮುಂತಾದವು ಬಹುತೇಕ ಎಲ್ಲ ಪಟ್ಟಿಗಳಲ್ಲೂ ಇರುತ್ತವೆ. ಆದರೆ ಪಟ್ಟಿ ಕಾಲೇಜಿನಿಂದ ಕಾಲೇಜಿಗೆ ಬೇರೆ. ಹಲವು ವರ್ಷ ಹಳೆಯದಾದ ವಿಜ್ಞಾನದ ಅಂಕಗಳನ್ನು ಕೆಲವು ಕಾಲೇಜುಗಳು ಒಪ್ಪುವುದಿಲ್ಲ. ಸಮಿತಿ ಹೆಚ್ಚು ಹೊತ್ತು ಕಣ್ಣಿಡುವುದು ಸಾವಯವ ರಸಾಯನಶಾಸ್ತ್ರದ ಮೇಲೆ ಎಂದುಕೊಂಡು ಓದಿದರೆ ನಷ್ಟವಿಲ್ಲ.

ಎರಡನೆಯ ಹೆಜ್ಜೆ: ಫಾರ್ಮ್‌ಕ್ಯಾಸ್ ಅರ್ಜಿ

ಹೆಚ್ಚಿನ ಕಾಲೇಜುಗಳಿಗೆ ಫಾರ್ಮ್‌ಕ್ಯಾಸ್ ಎಂಬ ಒಂದೇ ಜಾಲತಾಣದಿಂದ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಓದಿದ ಪ್ರತಿ ವಿಷಯವನ್ನೂ ಅಂಕಪಟ್ಟಿ ಎದುರಿಗಿಟ್ಟುಕೊಂಡು ಇದ್ದದ್ದು ಇದ್ದಂತೆ ನಮೂದಿಸಬೇಕು. ಅದನ್ನು ಪರಿಶೀಲಿಸಿ ಫಾರ್ಮ್‌ಕ್ಯಾಸ್ ತನ್ನದೇ ಆದ ಜಿಪಿಎ (ಗ್ರೇಡ್‌ಗಳ ಸರಾಸರಿ) ಲೆಕ್ಕ ಹಾಕುತ್ತದೆ. ಮತ್ತೆ ಓದಿ ಸುಧಾರಿಸಿಕೊಂಡ ವಿಷಯದ ಹಳೆಯ ಗ್ರೇಡನ್ನು ನಿಮ್ಮ ಕಾಲೇಜು ಕೈಬಿಟ್ಟಿದ್ದರೂ ಇಲ್ಲಿ ಎರಡನ್ನೂ ಎಣಿಸಲಾಗುತ್ತದೆ. ಜಿಪಿಎ ಎಣಿಸಿದ್ದಕ್ಕಿಂತ ಕಡಿಮೆ ಬಂದಿತೆಂದು ಗಾಬರಿಯಾಗುವವರಿಗೆ ಕಾರಣ ಹಲವು ಬಾರಿ ಇದೇ. ಭಾರತದ ಅಂಕಪಟ್ಟಿಯನ್ನು ಡಬ್ಲ್ಯುಇಎಸ್‌ನಂತಹ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಅದಕ್ಕೆ ಇಲ್ಲಿನ ವಿಶ್ವವಿದ್ಯಾಲಯದಿಂದ ದಾಖಲೆ ಹೋಗಬೇಕಾದ್ದರಿಂದ ತಿಂಗಳುಗಳ ಮೊದಲೇ ಕೆಲಸ ಶುರುಮಾಡಿ. ಅನೇಕ ಕಾಲೇಜುಗಳು ಕೊನೆಯ ದಿನಾಂಕಕ್ಕೆ ಕಾಯದೆ, ಅರ್ಜಿ ಬಂದ ಹಾಗೆಯೇ ಸೀಟು ಕೊಡುತ್ತಾ ಹೋಗುತ್ತವೆ.

ಮೂರನೆಯ ಹೆಜ್ಜೆ: ನಿಮ್ಮ ಮಾತು, ನಿಮ್ಮ ಬಗ್ಗೆ ಮಾತು

‘ಜನರಿಗೆ ನೆರವಾಗುವುದು ನನ್ನ ಬಾಲ್ಯದ ಕನಸು’ ಎಂದು ಬರೆದ ಪ್ರಬಂಧ ರಾಶಿಯಲ್ಲಿ ಕಳೆದುಹೋಗುತ್ತದೆ. ಅದರ ಬದಲು, ಅಜ್ಜಿಯ ಮಾತ್ರೆ ಡಬ್ಬಿಯಲ್ಲಿ ಆಮ್ಲೋಡಿಪಿನ್ ಎಂಬ ರಕ್ತದೊತ್ತಡದ ಔಷಧ ಎರಡು ಬೇರೆ ಬ್ರ್ಯಾಂಡ್ ಹೆಸರಿನಲ್ಲಿ ಇದ್ದುದು, ಅವರು ಎರಡನ್ನೂ ನುಂಗುತ್ತಿದ್ದುದು, ಅದನ್ನು ಕಂಡು ನೀವು ವೈದ್ಯರಿಗೆ ಫೋನ್ ಮಾಡಿದ್ದು ನಿಜವಾಗಿ ನಡೆದಿದ್ದರೆ ಅದನ್ನೇ ಬರೆಯಿರಿ. ಫಾರ್ಮಸಿಸ್ಟ್ ಮಾಡುವ ಕೆಲಸ ಏನೆಂದು ನಿಮಗೆ ಗೊತ್ತಿದೆ ಎಂಬುದು ಅಷ್ಟರಿಂದಲೇ ತಿಳಿಯುತ್ತದೆ. ಔಷಧದಂಗಡಿಯಲ್ಲಿ ಟೆಕ್ನೀಷಿಯನ್ ಆಗಿ ದುಡಿದಿದ್ದರೆ, ಆಸ್ಪತ್ರೆಯಲ್ಲಿ ಸ್ವಯಂಸೇವೆ ಮಾಡಿದ್ದರೆ ಅದಕ್ಕೂ ಬೆಲೆ ಇದೆ. ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದ ಬರೆಸುವುದಕ್ಕಿಂತ, ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡ ವಿಜ್ಞಾನದ ಅಧ್ಯಾಪಕರಿಂದ ಬರೆಸಿ.

ನಾಲ್ಕನೆಯ ಹೆಜ್ಜೆ: ಸಂದರ್ಶನ

ಅಂಕಗಳಿಂದ ಕರೆ ಬರುತ್ತದೆ. ಸೀಟಿನ ತೀರ್ಮಾನದಲ್ಲಿ ಸಂದರ್ಶನದ ತೂಕ ದೊಡ್ಡದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎಂಎಂಐ ಎಂಬ ಕಿರು ಸಂದರ್ಶನಗಳ ಸರಣಿಯನ್ನು ಹಲವು ಕಾಲೇಜುಗಳು ಬಳಸುತ್ತವೆ. ಒಂದೊಂದು ಕೋಣೆಯಲ್ಲಿ ಕೆಲವೇ ನಿಮಿಷ, ಒಂದೊಂದು ಸನ್ನಿವೇಶ. ಉದಾಹರಣೆಗೆ: ಶುಕ್ರವಾರ ಸಂಜೆ, ಅಂಗಡಿ ಮುಚ್ಚುವ ಹೊತ್ತು. ನೋವಿಗೆ ಕೊಡುವ, ಚಟ ಹಿಡಿಸಬಲ್ಲ ಓಪಿಯಾಯ್ಡ್ ಮಾತ್ರೆಗಳು ಕಳೆದುಹೋದವು, ಅವಧಿಗೆ ಮೊದಲೇ ಮತ್ತೆ ಕೊಡಿ ಎಂದು ಒಬ್ಬರು ಕೇಳುತ್ತಾರೆ. ಕೂಡಲೇ ‘ಕೊಡುವುದಿಲ್ಲ’ ಎಂದವರಿಗೂ ಕನಿಕರದಿಂದ ಕೊಟ್ಟುಬಿಟ್ಟವರಿಗೂ ಹೆಚ್ಚು ಅಂಕ ಸಿಗಲಾರದು. ಅವರ ಮಾತನ್ನು ಪೂರ್ತಿ ಕೇಳಿ, ನೋವು ಎಷ್ಟಿದೆ ಎಂದು ವಿಚಾರಿಸಿ, ಔಷಧ ಪಡೆದ ದಾಖಲೆ ನೋಡಿ, ವೈದ್ಯರನ್ನು ಸಂಪರ್ಕಿಸುತ್ತೇನೆ ಎಂದು ಗೌರವದಿಂದ ವಿವರಿಸುವವರನ್ನು ಪರೀಕ್ಷಕರು ಹುಡುಕುತ್ತಿರುತ್ತಾರೆ. ಬಾಯಿಪಾಠ ಮಾಡಿದ ಉತ್ತರ ಇಲ್ಲಿ ಕೈಕೊಡುತ್ತದೆ. ಗೆಳೆಯರೊಬ್ಬರನ್ನು ಎದುರು ಕೂರಿಸಿಕೊಂಡು ಗಟ್ಟಿಯಾಗಿ ಮಾತನಾಡಿ ಅಭ್ಯಾಸ ಮಾಡಿ.

ಸೀಟು ಸಿಕ್ಕಮೇಲೆ

ಕಳೆದ ದಶಕದಲ್ಲಿ ಅಲ್ಲಿ ಫಾರ್ಮಸಿ ಅರ್ಜಿಗಳು ಇಳಿದಿವೆ. ಸೀಟು ತುಂಬಿಸಿಕೊಳ್ಳಲು ಕಾಲೇಜುಗಳಿಗೂ ಆತುರವಿದೆ, ಆದ್ದರಿಂದ ಪ್ರವೇಶಪತ್ರ ಬಂತೆಂದು ಹಣ ಕಟ್ಟಿಬಿಡಬೇಡಿ. ಮೊದಲು ಕಾಲೇಜಿಗೆ ಎಸಿಪಿಇ (ಅಲ್ಲಿನ ಫಾರ್ಮಸಿ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ನೀಡಿದ ಮಾನ್ಯತೆ ಯಾವ ಹಂತದ್ದು ಎಂದು ನೋಡಿ. ಬಳಿಕ ಲೈಸೆನ್ಸ್ ಪರೀಕ್ಷೆಯಾದ ನ್ಯಾಪ್ಲೆಕ್ಸ್‌ನಲ್ಲಿ ಮೊದಲ ಯತ್ನದಲ್ಲೇ ಪಾಸಾದವರ ಶೇಕಡಾವಾರು ಪ್ರಮಾಣ ನೋಡಿ. ಕಾಲೇಜುವಾರು ಅಂಕಿಅಂಶ ಪ್ರಕಟವಾಗುತ್ತದೆ. ಸೇರಿದವರಲ್ಲಿ ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಪದವಿ ಮುಗಿಸಿದರು ಎಂಬುದನ್ನು ಪ್ರವೇಶ ಕಚೇರಿಗೆ ಇಮೇಲ್ ಬರೆದು ಕೇಳಿ, ಉತ್ತರ ಬಂದ ಮೇಲೆಯೇ ಮುಂಗಡ ಕಟ್ಟಿ.