ರಂಗನತಿಟ್ಟು, ಸೋಮನಾಥಪುರ, ಚನ್ನಪಟ್ಟಣ: ಒಂದೇ ದಿನದ ಪ್ರವಾಸಕ್ಕೆ ಸಲಹೆ

ಬೆಂಗಳೂರಿನಿಂದ ಮಾರ್ಗದರ್ಶಿಯೊಂದಿಗೆ ಈ ಮೂರೂ ಸ್ಥಳಗಳಿಗೆ ಹೋಗುವವರು ಹಣ ಕೊಡುವ ಮೊದಲೇ ಭೇಟಿಯ ಕ್ರಮವನ್ನೂ ಪ್ರತಿ ಸ್ಥಳಕ್ಕೆ ಮೀಸಲಾದ ಸಮಯವನ್ನೂ ಕೇಳಿ ಬರೆಸಿಕೊಳ್ಳಿ. ಕಳೆದ ಬಾರಿ ನಮಗೆ ಸೋಮನಾಥಪುರದಲ್ಲಿ ದೊರೆತದ್ದು ಕೇವಲ ಇಪ್ಪತ್ತು ನಿಮಿಷ. ಆ ಬೇಸರ ಇನ್ನೂ ಹೋಗಿಲ್ಲ.

ಹಕ್ಕಿಗಳು ಬೆಳಿಗ್ಗೆ ಹೆಚ್ಚು ಚುರುಕಾಗಿರುವುದರಿಂದ ನಸುಕಿನಲ್ಲೇ ಹೊರಟು ಮೊದಲು ರಂಗನತಿಟ್ಟು ಪಕ್ಷಿಧಾಮಕ್ಕೆ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರ ನಿಲ್ಲಿಸುತ್ತಾರೆ, ಆದ್ದರಿಂದ ಹಿಂದಿನ ದಿನವೇ ವಿಚಾರಿಸಿ.

ಅಲ್ಲಿಂದ ಬನ್ನೂರು ಮಾರ್ಗವಾಗಿ ಸೋಮನಾಥಪುರ. 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕೇಶವ ದೇವಾಲಯಕ್ಕೆ ಕನಿಷ್ಠ ಒಂದೂವರೆ ಗಂಟೆ ಬೇಕು. ನಕ್ಷತ್ರಾಕಾರದ ಜಗತಿಯ (ದೇವಾಲಯ ನಿಂತಿರುವ ಎತ್ತರದ ಕಟ್ಟೆಯ) ಮೇಲೆ ನಿಧಾನವಾಗಿ ಪ್ರದಕ್ಷಿಣೆ ಬರುತ್ತಾ, ಕೆಳಗಿನ ಆನೆಗಳ ಸಾಲಿನಿಂದ ಮೇಲಿನ ದೇವತಾ ವಿಗ್ರಹಗಳವರೆಗೆ ಕಣ್ಣು ಹಾಯಿಸಿ, ವಿಗ್ರಹದ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಕೆತ್ತಿರುವುದನ್ನು ತೋರಿಸುವಂತೆ ಮಾರ್ಗದರ್ಶಿಯನ್ನು ಕೇಳಿ. ಏಳು ಶತಮಾನಗಳಿಗೂ ಹಿಂದಿನ ಆ ಅಕ್ಷರಗಳ ಮುಂದೆ ನಿಂತಾಗ ಮೈ ಜುಮ್ಮೆನ್ನುತ್ತದೆ. ಮಧ್ಯಾಹ್ನ ಕಲ್ಲುಹಾಸು ಕಾದಿರುತ್ತದೆ, ಹಿರಿಯರಿಗೆ ಕಾಲುಚೀಲ ಇರಲಿ.

ಮಳವಳ್ಳಿ, ಮದ್ದೂರು ಮೂಲಕ ಮರಳುವಾಗ ಮರದ ಆಟಿಕೆಗಳ ಊರು ಚನ್ನಪಟ್ಟಣ ಸಿಗುತ್ತದೆ. ಹೊಸ ಹೆದ್ದಾರಿ ಊರಿನ ಹೊರಗೇ ಸಾಗುವುದರಿಂದ ಊರೊಳಗೆ ಹೋಗಬೇಕೆಂದು ಚಾಲಕರಿಗೆ ಮುಂಚಿತವಾಗಿ ತಿಳಿಸಿ. ಅಂಗಡಿಗಿಂತ ಮೊದಲು ಕುಶಲಕರ್ಮಿಗಳ ಕೆಲಸದ ಮನೆಯನ್ನು ನೋಡಿ: ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿದೊಡನೆ, ಬಿಸಿಗೆ ಕರಗಿದ ಬಣ್ಣ ಮರವನ್ನು ಸುತ್ತಿಕೊಳ್ಳುತ್ತದೆ. ಸಾಧ್ಯವಾದರೆ ಅಲ್ಲಿಯೇ, ಮಾಡಿದವರ ಕೈಯಿಂದಲೇ ಆಟಿಕೆ ಕೊಳ್ಳಿ.