ಮನೆಗಿಂತ ಮೊದಲು ಸಂಜೆಯ ಬೀದಿ ನೋಡಿ: ಮಲೆನಾಡಿನಿಂದ ಸಿಡ್ನಿಗೆ ಬರುವವರಿಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆಯಿಂದ ಸಿಡ್ನಿಗೆ ಕೆಲಸಕ್ಕೆ ಹೊರಟವರು ಮೊದಲು ಕೇಳುವುದು ಬಾಡಿಗೆ ಎಲ್ಲಿ ಕಡಿಮೆ, ಮನೆ ಎಲ್ಲಿ ದೊಡ್ಡದು ಅಂತ. ನಾವೆಲ್ಲ ಇದನ್ನೇ ಕೇಳಿಕೊಂಡು ಬಂದವರು. ತಪ್ಪಿದ್ದೂ ಅಲ್ಲೇ. ನಾಲ್ಕು ಕೋಣೆಯ ಹೊಸ ಮನೆ, ಹಿಂದೆ ಅಂಗಳ, ಎರಡು ಕಾರಿಗೆ ಜಾಗ. ಫೋಟೊ ನೋಡಿದರೆ ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಬಂದಿಳಿದ ಮೇಲೆ ಒಂದು ಲೀಟರ್ ಹಾಲಿಗೂ ಕಾರು ತೆಗೆಯಬೇಕು. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಕಾರು ತೆಗೆದುಕೊಂಡು ಕೆಲಸಕ್ಕೆ ಹೋದರೆ, ಇನ್ನೊಬ್ಬರು ಮಗುವಿನ ಜೊತೆ ಸಂಜೆವರೆಗೆ ನಾಲ್ಕು ಗೋಡೆಯೊಳಗೇ.

ನಮ್ಮ ಕಡೆಯವರು ಈ ವಿಷಯದಲ್ಲಿ ಇನ್ನೂ ಹೆಚ್ಚು ಮೋಸಹೋಗುತ್ತಾರೆ. ತೋಟದ ನಡುವಿನ ಒಂಟಿಮನೆಯಲ್ಲಿ ಬೆಳೆದವರಿಗೆ, ಆರು ತಿಂಗಳ ಮಳೆ ಕಂಡವರಿಗೆ, ಜನ ಇಲ್ಲದ ಬೀದಿ ಯಾವ ಲೆಕ್ಕ ಅನಿಸುತ್ತದೆ. ಆದರೆ ಊರಿನ ಒಂಟಿಮನೆ ಒಂಟಿ ಅಲ್ಲ ಮಾರಾಯ್ರೆ. ಬೆಳಿಗ್ಗೆ ಕೊಟ್ಟಿಗೆ ಕೆಲಸಕ್ಕೆ ಒಬ್ಬರು ಬರುತ್ತಾರೆ, ಅಡಿಕೆ ಕೊನೆ ತೆಗೆಯುವ ಕಾಲಕ್ಕೆ ಹತ್ತು ಜನ ಅಂಗಳದಲ್ಲಿ ಇರುತ್ತಾರೆ, ಕೂಗಳತೆಯಲ್ಲಿ ಇನ್ನೊಂದು ಮನೆ ಇರುತ್ತದೆ, ಹಾದಿಯಲ್ಲಿ ಹೋಗುವವರು ಜಗಲಿಗೆ ಹತ್ತಿ ಕವಳ ಹಾಕಿಯೇ ಮುಂದೆ ಹೋಗುವುದು. ಸಿಡ್ನಿಯ ಹೊರವಲಯದ ಹೊಸ ಬಡಾವಣೆಯಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದರೂ ಗ್ಯಾರೇಜಿನ ಬಾಗಿಲು ಮೇಲೆದ್ದು ಕಾರು ಒಳಗೆ ಹೋಗುವುದಷ್ಟೇ ಕಾಣುತ್ತದೆ. ಮನುಷ್ಯರ ಮುಖ ಕಾಣುವುದಿಲ್ಲ.

ಅದಕ್ಕೇ ಬಂದ ಕೂಡಲೇ ವರ್ಷದ ಕರಾರಿಗೆ ಸಹಿ ಹಾಕಬೇಡಿ. ಮೂರು ನಾಲ್ಕು ವಾರ ಯಾವುದಾದರೂ ರೈಲು ನಿಲ್ದಾಣದ ಹತ್ತಿರ ತಾತ್ಕಾಲಿಕವಾಗಿ ಇದ್ದುಕೊಂಡು ಬಡಾವಣೆಗಳನ್ನು ನೋಡಿ. ಮನೆ ತೋರಿಸುವುದು ಹೆಚ್ಚಾಗಿ ಶನಿವಾರ ಬೆಳಿಗ್ಗೆ, ಹತ್ತೋ ಹದಿನೈದೋ ನಿಮಿಷ. ಆ ಹೊತ್ತಿಗೆ ಎಲ್ಲ ಬೀದಿಯೂ ಚಂದವೇ. ನೀವು ಮಂಗಳವಾರವೋ ಬುಧವಾರವೋ ಸಂಜೆ 7ಕ್ಕೆ ಹೋಗಿ. ನಿಲ್ದಾಣದಲ್ಲಿ ಇಳಿದು ಆ ಮನೆಯವರೆಗೆ ನಡೆಯಿರಿ. ದಾರಿಯಲ್ಲಿ ಎಷ್ಟು ಅಂಗಡಿ ತೆರೆದಿವೆ, ಮಕ್ಕಳು ಪಾರ್ಕಿನಲ್ಲಿ ಇದ್ದಾರಾ, ವಯಸ್ಸಾದವರು ನಡೆದಾಡುತ್ತಿದ್ದಾರಾ, ದೀಪ ಸರಿಯಾಗಿದೆಯಾ ನೋಡಿ. ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿಗಳು ಸಂಜೆ ಐದೂವರೆ ಆರಕ್ಕೆಲ್ಲ ಬಾಗಿಲು ಹಾಕುತ್ತವೆ. ಗುರುವಾರ ಮಾತ್ರ ತಡವಾಗಿ ಮುಚ್ಚುವುದು ವಾಡಿಕೆ. ಹಾಗಾಗಿ ಗುರುವಾರ ನೋಡಿ ಬಂದು ಗಾಂಧಿ ಬಜಾರ್ ಇದ್ದಹಾಗಿದೆ ಅಂತ ಖುಷಿಪಡಬೇಡಿ. ಜೂನ್‌ನಲ್ಲಿ ಐದು ಗಂಟೆಗೇ ಕತ್ತಲು. ಬೇಸಿಗೆಯ ಸಂಜೆ ನೋಡಿ ಮನೆ ಹಿಡಿದವರು ಆಗ ಪೇಚಾಡುತ್ತಾರೆ.

ನಿಲ್ದಾಣಕ್ಕೆ 12 ನಿಮಿಷ ಅಂತ ಮೊಬೈಲ್ ಮ್ಯಾಪ್ ಹೇಳಿದರೆ, 10 ಕಿಲೋ ಅಕ್ಕಿ ಚೀಲ ಹೊತ್ತವರ ಕಾಲಲ್ಲಿ ಲೆಕ್ಕ ಹಾಕಿ. ಭಾನುವಾರದ ರೈಲಿನ ವೇಳಾಪಟ್ಟಿಯನ್ನೂ ನೋಡಿ. ವಾರಾಂತ್ಯದಲ್ಲಿ ಹಳಿ ಕೆಲಸ ಅಂತ ರೈಲು ನಿಲ್ಲಿಸಿ ಬಸ್ ಬಿಡುವುದು ಇಲ್ಲಿ ಮಾಮೂಲು.

ಇನ್ನು ಜಾಗಗಳು. ಪ್ಯಾರಾಮಾಟಾ ನಗರಕೇಂದ್ರದಿಂದ ಪಶ್ಚಿಮಕ್ಕೆ 24 ಕಿಲೋಮೀಟರ್ ಆಸುಪಾಸು, ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಹೊಳೆ ಇದೆ, ದೊಡ್ಡ ಪಾರ್ಕ್ ಇದೆ, ಗ್ರಂಥಾಲಯ ಇದೆ. ಪಕ್ಕದ ಹ್ಯಾರಿಸ್ ಪಾರ್ಕ್‌ನ ವಿಗ್ರಾಮ್ ಸ್ಟ್ರೀಟ್ ರಾತ್ರಿಯೂ ಜನರಿಂದ ತುಂಬಿರುತ್ತದೆ. ಜಿಲೇಬಿ, ಪಾನಿಪುರಿ ಎಲ್ಲ ಸಿಗುತ್ತದೆ. ಆದರೆ ಅಲ್ಲಿ ಕಿವಿಗೆ ಬೀಳುವುದು ಹೆಚ್ಚಾಗಿ ಹಿಂದಿ, ಪಂಜಾಬಿ, ಗುಜರಾತಿ. ವಾರಾಂತ್ಯದಲ್ಲಿ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ, ಗದ್ದಲವೂ ಜಾಸ್ತಿ. ವಾಸಕ್ಕೆ ವೆಂಟ್‌ವರ್ತ್‌ವಿಲ್, ಪೆಂಡಲ್ ಹಿಲ್, ಟೂಂಗಾಬಿ ಕಡೆ ನಮ್ಮವರಿಗೆ ಹೊಂದುತ್ತದೆ. ದಕ್ಷಿಣದ ಅಂಗಡಿ ಹೋಟೆಲುಗಳು ನಿಲ್ದಾಣದ ಬಳಿಯೇ ಇವೆ, ಕರಿಬೇವು, ಕುಚ್ಚಲಕ್ಕಿ, ತೆಂಗಿನತುರಿ ನಡೆದುಹೋಗಿ ತರಬಹುದು. ವೇಗದ ರೈಲುಗಳೆಲ್ಲ ಇಲ್ಲಿ ನಿಲ್ಲುವುದಿಲ್ಲ, ಅದೊಂದು ಕೊರತೆ. ವೆಸ್ಟ್‌ಮೀಡ್‌ನಲ್ಲಿ ದೊಡ್ಡ ಆಸ್ಪತ್ರೆ, ಮಕ್ಕಳ ಆಸ್ಪತ್ರೆ ಎರಡೂ ಇವೆ, ಪಕ್ಕದ ಮೇಸ್ ಹಿಲ್‌ನಲ್ಲಿ ಮುರುಗನ್ ದೇವಸ್ಥಾನ ಇದೆ. 2024ರ ಡಿಸೆಂಬರ್‌ನಿಂದ ವೆಸ್ಟ್‌ಮೀಡ್‌ನಿಂದ ಪ್ಯಾರಾಮಾಟಾ ಮೂಲಕ ಕಾರ್ಲಿಂಗ್‌ಫರ್ಡ್‌ಗೆ ಟ್ರಾಮ್ ಓಡುತ್ತಿದೆ.

ದೊಡ್ಡ ಹೊಸ ಮನೆಯೇ ಬೇಕೆಂದರೆ ಟಲ್ಲವಾಂಗ್, ರೌಸ್ ಹಿಲ್ ನೋಡಿ. ಅಲ್ಲಿಂದ 2019ರಲ್ಲಿ ಶುರುವಾದ ಮೆಟ್ರೋ 2024ರ ಆಗಸ್ಟ್‌ನಲ್ಲಿ ನಗರದೊಳಕ್ಕೂ ಬಂತು. ಅದನ್ನೂ ದಾಟಿ ಮಾರ್ಸ್‌ಡನ್ ಪಾರ್ಕ್, ಬಾಕ್ಸ್ ಹಿಲ್‌ಗೆ ಹೋದರೆ ರೈಲು ನಿಲ್ದಾಣವೇ ಇಲ್ಲ. ಮುಂದೆ ಬರುತ್ತದೆ ಅಂತ ಏಜೆಂಟ್ ಹೇಳಿದ್ದನ್ನು ನಂಬಿ ಬಾಡಿಗೆ ಕಟ್ಟಬೇಡಿ. ಪಶ್ಚಿಮಕ್ಕೆ ಹೋದಷ್ಟೂ ಸಮುದ್ರದ ಗಾಳಿ ತಲುಪುವುದಿಲ್ಲ, ಸೆಕೆ ವಿಪರೀತ. 2020ರ ಜನವರಿ 4ರಂದು ಪೆನ್ರಿತ್‌ನಲ್ಲಿ 48.9 ಡಿಗ್ರಿ ಇತ್ತು. ಮರವೇ ಇಲ್ಲದ, ಕಪ್ಪು ಹಂಚಿನ ಮಾಡುಗಳ ಬಡಾವಣೆಯಲ್ಲಿ ಜನವರಿ ಮಧ್ಯಾಹ್ನ ಹೇಗಿರುತ್ತದೆ ಅಂತ ನಾಡಹಂಚಿನ ಕೆಳಗೆ ಮಲಗಿ ಬೆಳೆದವರಿಗೆ ಊಹೆಗೂ ಸಿಗದು.

ಬಡಾವಣೆ ಗೊತ್ತಾದ ಮೇಲೆ ಮನೆಯ ದಿಕ್ಕು. ಇಲ್ಲಿ ನಮ್ಮವರು ಎಡವುವುದು ಹೆಚ್ಚು. ಪೂರ್ವದ ಬಾಗಿಲು ಹುಡುಕುತ್ತಾ ಮುಖ್ಯವಾದದ್ದನ್ನು ಬಿಡುತ್ತಾರೆ. ಇದು ದಕ್ಷಿಣ ಗೋಳಾರ್ಧ, ಚಳಿಗಾಲದ ಸೂರ್ಯ ಉತ್ತರದ ಕಡೆ ವಾಲಿಕೊಂಡು ಹೋಗುತ್ತಾನೆ. ಉತ್ತರಕ್ಕೆ ಕಿಟಕಿ ಇದ್ದರೆ ಜುಲೈನಲ್ಲೂ ಬಿಸಿಲು ಒಳಗೆ ಬರುತ್ತದೆ. ದಕ್ಷಿಣಕ್ಕಷ್ಟೇ ಕಿಟಕಿ ಇರುವ ಕೋಣೆಗೆ ಚಳಿಗಾಲದಲ್ಲಿ ಬಿಸಿಲೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಪಶ್ಚಿಮಕ್ಕೆ ದೊಡ್ಡ ಗಾಜಿದ್ದರೆ ಬೇಸಿಗೆ ಸಂಜೆ ಕೂರಲಾಗದು. ಫೋನಿನ ದಿಕ್ಸೂಚಿ ತೆರೆದುಕೊಂಡೇ ಮನೆಯೊಳಗೆ ಹೋಗಿ.

ಬೂಷ್ಟು ಗುರುತಿಸಲು ಮಲೆನಾಡಿನವರಿಗೆ ಯಾರೂ ಕಲಿಸಬೇಕಿಲ್ಲ, ಆಷಾಢದ ಕಪಾಟಿನ ವಾಸನೆ ಮೂಗಿಗೆ ಗೊತ್ತು. ಗೋಡೆಯೊಳಗಿನ ಕಪಾಟು ತೆರೆದು ಮೂಸಿ. ಕಿಟಕಿ ಚೌಕಟ್ಟಿನ ಕೆಳಗಿನ ಸಿಲಿಕಾನ್ ಅಂಚಿನಲ್ಲಿ ಕರಿ ಚುಕ್ಕೆ ಇದೆಯಾ ನೋಡಿ. ಬಚ್ಚಲಿನ ಮೇಲ್ಚಾವಣಿಯ ಒಂದು ಮೂಲೆಗೆ ಮಾತ್ರ ಹೊಸ ಪೇಂಟ್ ಹೊಡೆದಿದ್ದರೆ ಅನುಮಾನಪಡಿ.

ಅಡುಗೆಮನೆಯಲ್ಲಿ ಒಲೆಯ ಮೇಲಿನ ಚಿಮಣಿ ಹಾಕಿ, ಒಂದು ತೆಳು ಕಾಗದ ಜಾಲರಿಗೆ ಹಿಡಿಯಿರಿ. ಅಂಟಿಕೊಂಡರೆ ಎಳೆತ ಇದೆ. ಅಷ್ಟಕ್ಕೇ ಬಿಡಬೇಡಿ, ಅದರ ಮೇಲಿನ ಕಪಾಟು ತೆರೆದು ಕೊಳವೆ ಹೊರಗೆ ಹೋಗುತ್ತದೆಯಾ ನೋಡಿ. ಎಷ್ಟೋ ಫ್ಲ್ಯಾಟುಗಳಲ್ಲಿ ಕೊಳವೆಯೇ ಇಲ್ಲ, ಎಳೆದ ಹೊಗೆಯನ್ನು ಜಾಲರಿಯಲ್ಲಿ ಸೋಸಿ ಮತ್ತೆ ಕೋಣೆಗೇ ಬಿಡುತ್ತದೆ. ಒಣಮೆಣಸಿನ ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗಿ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಅಲಾರಂ ಕಳಚಿಡುವುದು ಕಾನೂನಿಗೆ ವಿರುದ್ಧ. ಒಲೆಯ ಹತ್ತಿರವೇ ತೆರೆಯುವ ಕಿಟಕಿ ಇರುವ ಮನೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ದುಡ್ಡಿನ ಲೆಕ್ಕ: ಬಾಡಿಗೆ ಹೇಳುವುದು ವಾರಕ್ಕೆ. 650 ಡಾಲರ್ ಅಂದರೆ ತಿಂಗಳಿಗೆ 2,600 ಅಲ್ಲ, 52ರಿಂದ ಗುಣಿಸಿ 12ರಿಂದ ಭಾಗಿಸಿ, 2,817 ಆಗುತ್ತದೆ. ಠೇವಣಿ ಗರಿಷ್ಠ 4 ವಾರದ ಬಾಡಿಗೆ, ಮುಂಗಡ ಗರಿಷ್ಠ 2 ವಾರದ್ದು. ಏಜೆಂಟ್ ಕೊಡುವ ಮನೆಯ ಸ್ಥಿತಿಯ ವರದಿಯನ್ನು ಒಳಗೆ ಬಂದ 7 ದಿನದೊಳಗೆ ತುಂಬಿ ವಾಪಸ್ ಕೊಡಿ, ಹಳೆಯ ಕಲೆಗಳ ಫೋಟೊ ಇಟ್ಟುಕೊಳ್ಳಿ. ಕಣ್ಣಾರೆ ನೋಡದ ಮನೆಗೆ ಒಂದು ಡಾಲರೂ ಕಳಿಸಬೇಡಿ.

ಸರ್ಕಾರಿ ಶಾಲೆ ಸಿಗುವುದು ವಿಳಾಸದ ಮೇಲೆ. ರಸ್ತೆಯ ಆಚೆ ಬದಿಗೆ ಬೇರೆ ಶಾಲೆ ಇರಬಹುದು, ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಮನೆ ಸಂಖ್ಯೆ ಸಮೇತ ಹಾಕಿ ನೋಡಿ. ಶಾಲೆಯ ಅಂಕಪಟ್ಟಿಗಿಂತ, ಮಗು ನಡೆದುಹೋಗಬಹುದಾ, ಗೆಳೆಯರ ಮನೆ ಹತ್ತಿರ ಇವೆಯಾ ಅನ್ನುವುದನ್ನು ಮೊದಲು ನೋಡಿ ಅಂತ ನಾವು ಹೇಳುತ್ತೇವೆ. ನಮ್ಮ ಮಕ್ಕಳಿಗೆ ಇಲ್ಲಿ ಚಿಕ್ಕಪ್ಪ, ಅತ್ತೆಯ ಮನೆಗಳಿಲ್ಲ. ಬೀದಿಯಲ್ಲಿ ಸಿಗುವ ನಾಲ್ಕು ಮುಖಗಳೇ ಅವರ ಊರು. ಊರಿಂದ ಬರುವ ಅಪ್ಪ ಅಮ್ಮನಿಗೂ ಅಷ್ಟೇ. ಕಾರು ಓಡಿಸದ, ಇಂಗ್ಲಿಷ್ ತಡವರಿಸುವ ಅವರಿಗೆ ನಡೆದುಹೋಗುವ ದೂರದಲ್ಲಿ ಒಂದು ಪಾರ್ಕ್, ಒಂದು ತರಕಾರಿ ಅಂಗಡಿ ಇರಲೇಬೇಕು. ಇಲ್ಲದಿದ್ದರೆ ಮೂರು ತಿಂಗಳಿಗೆ ಬಂದವರು ಮೂರನೇ ವಾರಕ್ಕೆ ವಾಪಸ್ ಟಿಕೆಟ್ ಬೇಗ ಮಾಡಿಸು ಅನ್ನುತ್ತಾರೆ.

ಕನ್ನಡ ತರಗತಿ ವಾರಕ್ಕೊಮ್ಮೆ, ಅದಕ್ಕೆ ಕಾರಿನಲ್ಲಿ ಹೋದರೂ ನಡೆಯುತ್ತದೆ. ದಿನದ ಮಾತು ಮಾತ್ರ ಮನೆಯಿಂದ, ಊರಿನ ಫೋನಿನಿಂದಲೇ ಬರಬೇಕು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಸಿಡ್ನಿ ನಮ್ಮೂರಿಗಿಂತ ಐದೂವರೆ ಗಂಟೆ ಮುಂದೆ. ಊರಲ್ಲಿ ದೇವರ ದೀಪ ಹಚ್ಚುವ ಹೊತ್ತಿಗೆ ಇಲ್ಲಿ ಮಧ್ಯರಾತ್ರಿ, ಮಕ್ಕಳು ನಿದ್ದೆಯಲ್ಲಿ. ಅದಕ್ಕೆ ಫೋನಿಗೆ ಸಂಜೆ ಕಾಯಬೇಡಿ. ಶನಿವಾರ ಮಧ್ಯಾಹ್ನ 1ಕ್ಕೆ ಮಾಡಿ. ಅಲ್ಲಿ ಬೆಳಿಗ್ಗೆ ಏಳೂವರೆ, ಅಜ್ಜಿ ಕಾಫಿ ಲೋಟ ಹಿಡಿದು ಜಗಲಿಗೆ ಬಂದಿರುತ್ತಾರೆ.